ಇನ್ನೊಂದು ಸಲ, ಅಜ್ಜಿ

ಅಡುಗೆಮನೆಯ ಮೇಜಿನ ಮೇಲಿದ್ದ ಚಹಾ ಆರಿ ಕೆನೆಗಟ್ಟಿತ್ತು. ಮೇಷ್ಟ್ರು ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಲ್ಯಾಪ್‌ಟಾಪಿನ ಪರದೆ ನೋಡುತ್ತ ಕೂತಿದ್ದರು. ಪರದೆಯ ಮೇಲೆ ದನಿಯ ಗೆರೆಗಳು ಮೂರು ಕಡೆ ಪೊದೆಯ ಹಾಗೆ ಎದ್ದು ನಿಂತಿದ್ದವು. ಮೂರೂ ಅಜ್ಜಿಯವು. ಪೊದೆಗಳ ನಡುವೆ ಎರಡು ಕಡೆ ಗಿಡ್ಡ ಹುಲ್ಲು. ಅದು ಅವರದೇ ದನಿ. ಇನ್ನೊಂದು ಸಲ, ಅಜ್ಜಿ. ಈ ನಾಲ್ಕು ದಿನಗಳಲ್ಲಿ ಇದನ್ನು ಅದೆಷ್ಟು ಸಲ ಕೇಳಿದ್ದರೋ. ಪ್ರತಿ ಸಲವೂ ಅಜ್ಜಿಯ ಮಾತಿಗಿಂತ ಈ ಹುಲ್ಲೇ ಹೆಚ್ಚು ಚುಚ್ಚುತ್ತಿತ್ತು. ಎಂಥ ಸಭ್ಯ ದನಿ, ಎಷ್ಟು ನಯ! ಹಟ ಮಾಡುವ ಮಗುವಿಗೆ ಇನ್ನೊಂದೇ ತುತ್ತು ಎಂದು ಬಾಯಿಗಿಡುವವರ ದನಿ. ಇದು ಒರಟಾಗಿದ್ದಿದ್ದರೆ ಎಷ್ಟೋ ವಾಸಿಯಿತ್ತು, ಒರಟನೊಬ್ಬ ತಪ್ಪು ಮಾಡಿದ ಎಂದು ತಮ್ಮನ್ನು ತಾವೇ ಬೈದುಕೊಂಡು ಮುಗಿಸಬಹುದಿತ್ತು. ಹಿತ್ತಿಲ ಬಾಗಿಲ ಬಳಿ ಹೆಂಡತಿ ಬಟ್ಟೆ ಹಿಂಡಿ ದಾರಕ್ಕೆ ಹಾಕುತ್ತಿದ್ದಳು. ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಏನೋ ಕೇಳಿದಳು. ಅವರು ಒಂದು ಕಿವಿಯಿಂದ ಇಯರ್‌ಫೋನ್ ತೆಗೆದರು.

"ಸೋಮವಾರದ ಪರೀಕ್ಷೆಗೆ ಕೇಳಿಸೋಕೆ ಆ ರೆಕಾರ್ಡಿಂಗೇ ಇಟ್ಕೊಳ್ಳಲಾ ಅಂದೆ. ಮಕ್ಕಳು ಕೇಳಿ ಬರೀಬೇಕು ನೋಡಿ, ಅಷ್ಟು ಸ್ಪಷ್ಟವಾಗಿ ಇನ್ಯಾವುದೂ ಬಂದಿಲ್ಲ."

"ಬೇರೆ ಯಾವುದಾದ್ರೂ ಹುಡುಕೋಣ."

"ಯಾಕೆ?"

"ಹಿಂದುಗಡೆ ಫ್ಯಾನಿನ ಸದ್ದಿದೆ."

ಫ್ಯಾನಿನ ಸದ್ದಿರಲಿಲ್ಲ. ಹೆಂಡತಿ ದನಿಗಳನ್ನು ಕಲಿಸುವವಳು, ಯಾವ ರೆಕಾರ್ಡಿಂಗಿನಲ್ಲಿ ಸೊಳ್ಳೆ ಹಾರಿದರೂ ಅವಳಿಗೆ ಗೊತ್ತಾಗುತ್ತದೆ. ಆದರೂ ಅವಳು ಆರಿದ ಚಹಾದ ಲೋಟ ತೆಗೆದುಕೊಂಡು ಹೋಗಿ ಬಿಸಿಗಿಟ್ಟಳು. ಇಪ್ಪತ್ತೇಳು ವರ್ಷ ಒಟ್ಟಿಗೆ ಬಾಳಿದ ಮೇಲೆ ಸುಳ್ಳು ಹೇಳುವುದಕ್ಕೂ ದಣಿವು, ಹಿಡಿಯುವುದಕ್ಕೂ ದಣಿವು. ಇಬ್ಬರೂ ಈ ದೇಶಕ್ಕೆ ಬಂದು ಒಂಬತ್ತು ವರ್ಷವಾಯಿತು. ಊರಿನ ಕ್ರೈಸ್ತ ಸಭೆಗಳು ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಿ ಕಳಿಸಿದ್ದವು. ಬಸ್ ನಿಲ್ದಾಣದ ಹಿಂದಿನ ಎರಡಂತಸ್ತಿನ ಕಟ್ಟಡದಲ್ಲಿ ಒಂದು ತರಬೇತಿ ಶಾಲೆ. ಮುಂದೆ ಗುಡ್ಡಗಾಡುಗಳಿಗೆ ಹೋಗಿ ಬರಹವೇ ಇಲ್ಲದ ಮಾತುಗಳಿಗೆ ಸತ್ಯವೇದವನ್ನು ತರುವ ಹುಮ್ಮಸ್ಸಿನ ಹುಡುಗ ಹುಡುಗಿಯರಿಗೆ ಇವರು ಅಲ್ಲಿ ಭಾಷಾಶಾಸ್ತ್ರ ಹೇಳಿಕೊಡುತ್ತಾರೆ. ಅವಳದು ದನಿ, ಇವರದು ವಾಕ್ಯ. ಹೆಂಡತಿ ನಾಲಿಗೆ ಹೊರಗೆ ಹಾಕಿಸಿ ಗಂಟಲು ಬಗ್ಗಿ ನೋಡುತ್ತಾಳೆ, ನಾನು ಬಾಯಿ ಮುಚ್ಚಿಸಿ ಯೋಚಿಸಲು ಹೇಳುತ್ತೇನೆ ಎಂದು ಮೇಷ್ಟ್ರು ಪ್ರತಿ ವರ್ಷ ಮೊದಲ ದಿನ ಒಂದು ತಮಾಷೆ ಮಾಡುತ್ತಿದ್ದರು. ಈ ವರ್ಷ ಮಾಡಿದ್ದರೋ ಇಲ್ಲವೋ ನೆನಪಿಲ್ಲ.

ಎರಡನೆಯ ತಮಾಷೆಯನ್ನಂತೂ ಮಾಡಿದ್ದರು. ಅದು ಅಜ್ಜಿ ತರಗತಿಗೆ ಬರುವ ಮೊದಲ ದಿನಕ್ಕೆಂದು ಮೀಸಲು. ಅಜ್ಜಿ ಗುಡ್ಡದ ಕಡೆಯವಳು, ಮಗನ ಜೊತೆ ಪೇಟೆಗೆ ಬಂದು ನೆಲೆಸಿದವಳು, ಓದುಬರಹ ಇಲ್ಲ. ಎರಡು ವರ್ಷದಿಂದ ವಾರಕ್ಕೆ ನಾಲ್ಕು ದಿನ ತರಗತಿಯ ಮುಂದಿನ ಕುರ್ಚಿಯಲ್ಲಿ ಬಂದು ಕೂರುತ್ತಾಳೆ. ಹುಡುಗರು ಪೇಟೆ ಮಾತಿನಲ್ಲಿ ಕಲ್ಲು ಎಂದರೆ ಆಕೆ ತನ್ನ ಮಾತಿನಲ್ಲಿ ಕಲ್ಲು ಅನ್ನುತ್ತಾಳೆ, ಕೋಳಿ ಎಂದರೆ ಕೋಳಿ ಅನ್ನುತ್ತಾಳೆ. ಪ್ರತಿಯೊಂದನ್ನೂ ಮೂರು ಸಲ ಹೇಳಬೇಕು, ಅದು ಪದ್ಧತಿ. ಮೇಷ್ಟ್ರು ತೋರುಬೆರಳು ಎತ್ತಿದರೆ ಇನ್ನೊಂದು ಸಲ ಎಂದು ಅರ್ಥ. "ಮೊದಲನೇ ಸಲ ಜನ ನಾಚಿಕೊಂಡು ಹೇಳ್ತಾರೆ," ಎಂದು ಮೇಷ್ಟ್ರು ತರಗತಿಗೆ ಹೇಳುವರು, "ಎರಡನೇ ಸಲ ಮೇಷ್ಟ್ರಿಗೋಸ್ಕರ ಹೇಳ್ತಾರೆ. ಮೂರನೇ ಸಲ ಬರೋದು ಅವರ ಸ್ವಂತ ಮಾತು. ಅದನ್ನ ಬರ್ಕೊಳ್ಳಿ." ಹುಡುಗರು ನಗುತ್ತಿದ್ದರು, ಯಾಕೆ ನಗುತ್ತಾರೆಂದು ತಿಳಿಯದೆ ಅಜ್ಜಿಯೂ ನಗುತ್ತಿದ್ದಳು. ಹೀಗೆ ನಗುತ್ತ ನಗುತ್ತ ಆರು ದಿನದ ಹಿಂದೆ ಹುಟ್ಟು, ಬದುಕು, ಸಾಯು ಎಂಬಲ್ಲಿಗೆ ಬಂದಿದ್ದರು. ನಾಯಿ ಸತ್ತಿತು, ಆಯಿತು. ಮರ ಸತ್ತಿತು ಎನ್ನುತ್ತಾರೋ ಇಲ್ಲವೋ, ಅದೂ ಆಯಿತು. ಹಿಂದೆ ನರ್ಸಾಗಿದ್ದ ಹುಡುಗಿ ಮುಂದಿನ ಪ್ರಶ್ನೆಗೆ ಪುಟ ತಿರುಗಿಸುತ್ತಿದ್ದಳು. ಯಾರೂ ಕೇಳದೆ ಅಜ್ಜಿ ತಾನಾಗಿಯೇ ಬಾಯಿ ತೆರೆದು ಹೇಳಿದಳು: ನನ್ನ ಮಗ ಮೊನ್ನೆ ಸತ್ತುಹೋದ.

ಮೇಷ್ಟ್ರಿಗೆ ಆಗ ಆದದ್ದು ಸಂತೋಷ. ಇದನ್ನು ಬೇರೆ ಯಾರಿಗೂ ಹೇಳುವ ಹಾಗಿಲ್ಲ, ಹೆಂಡತಿಗೂ ಹೇಳಿಲ್ಲ. ಎರಡು ವರ್ಷದಲ್ಲಿ ಮೊಟ್ಟಮೊದಲ ಬಾರಿಗೆ ಅಜ್ಜಿ ಕೇಳದೆಯೇ ಒಂದು ಉದಾಹರಣೆ ಕೊಟ್ಟಿದ್ದಳು! ನನ್ನ, ಮಗ, ಸತ್ತುಹೋದ, ಎಲ್ಲವೂ ಒಂದೇ ವಾಕ್ಯದಲ್ಲಿ, ಅದರ ಮೇಲೆ ಮೂರು ವಾರದಿಂದ ಒಳ್ಳೆಯ ವಾಕ್ಯಕ್ಕಾಗಿ ಕಾಯುತ್ತಿದ್ದ ಆ ಮೊನ್ನೆ ಎಂಬ ಪದ ಬೇರೆ. ಅವರು ನೋಟ್‌ಬುಕ್ಕಿನಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದು ಬೆರಳು ಎತ್ತಿದರು. ಇನ್ನೊಂದು ಸಲ, ಅಜ್ಜಿ. ಅಜ್ಜಿ ಹೇಳಿದಳು. ಇನ್ನೊಂದು ಸಲ, ಅಜ್ಜಿ. ಮೂರನೆಯದು ಮೂರರಲ್ಲಿ ಹೆಚ್ಚು ಸ್ಪಷ್ಟ, ಕೊನೆಯಲ್ಲಿ ಉಸಿರು ಎಳೆದುಕೊಂಡದ್ದೂ ಕೇಳಿಸುತ್ತದೆ. "ತುಂಬ ಚೆನ್ನಾಗಿದೆ ಅಜ್ಜಿ. ಸರಿ, ಮುಂದೆ," ಎಂದಿದ್ದರು ಮೇಷ್ಟ್ರು. ಮುಂದೆ ಕೋಳಿ ಸತ್ತಿತು. ಅಜ್ಜಿ ಅದನ್ನೂ ಮೂರು ಸಲ ಹೇಳಿ, ಗಂಟೆ ಹೊಡೆದ ಮೇಲೆ ಕೈಚೀಲ ಎತ್ತಿಕೊಂಡು, ಎಂದಿನಂತೆ ಬಾಗಿಲಲ್ಲಿ ತಿರುಗಿ ತಲೆಯಾಡಿಸಿ ಹೋದಳು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನ ಶಾಲೆಯ ಕಸ ಗುಡಿಸುವಾಕೆ, ಅವಳೂ ಗುಡ್ಡದ ಕಡೆಯವಳೇ, ಪೊರಕೆ ನಿಲ್ಲಿಸಿ ಹೇಳಿದಳು: ನಿಮಗೆ ಗೊತ್ತಿಲ್ಲವಾ, ಅಜ್ಜಿಯ ಮಗ ಸೇತುವೆ ಕೆಲಸದಲ್ಲಿ ಮೇಲಿಂದ ಬಿದ್ದು ಹೋದನಲ್ಲ. ಮೇಷ್ಟ್ರು ಅಯ್ಯೋ ಪಾಪ ಎಂದರು. ಅಂದದ್ದೇನೋ ಹೌದು, ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಅವರ ಕೈ ತಾನಾಗಿ ಕಂಕುಳಲ್ಲಿದ್ದ ನೋಟ್‌ಬುಕ್ಕನ್ನು ಅವುಚಿಕೊಂಡಿತು.

ಹೆಂಡತಿಗೆ ಹೇಳಿದ್ದು ಅರ್ಧ ಮಾತ್ರ: ಅಜ್ಜಿಯ ಮಗ ಹೋದನಂತೆ. ಅವಳು ಕಣ್ಣೀರು ಹಾಕಿ, ಮೊಣಕಾಲೂರಿ ಪ್ರಾರ್ಥಿಸಿದ್ದಳು. ಜೊತೆಗೆ ಮೊಣಕಾಲೂರಿದ ಮೇಷ್ಟ್ರಿಗೆ ಅಷ್ಟು ಹೊತ್ತೂ ಮಂಡಿ ನೋವು ಬಿಟ್ಟು ಬೇರೇನೂ ತಿಳಿಯಲಿಲ್ಲ. ಈಗೀಗ ಹಾಗೆಯೇ. ಶಾಲೆಯ ಮುಖ್ಯಸ್ಥರು ನಿನ್ನೆ ಕರೆದು, ಹೋಗಿ ಮಾತಾಡಿಸಿಕೊಂಡು ಬನ್ನಿ, ಸಮಾಧಾನ ಹೇಳಿ, ಹಾಗೆಯೇ ಮುಂದಿನ ವಾರದಿಂದ ಬರುತ್ತಾಳಾ ಅಂತಲೂ ಕೇಳಿ ಎಂದಿದ್ದರು. ಹೋಗುತ್ತೇನೆ ಎಂದವರು ಹೋಗಿರಲಿಲ್ಲ. ಬಿಸಿ ಮಾಡಿದ ಚಹಾ ತಂದಿಟ್ಟ ಹೆಂಡತಿ ಎದುರಿನ ಕುರ್ಚಿಯಲ್ಲಿ ಕೂತು ಕನ್ನಡಕ ಹಾಕಿಕೊಂಡಳು. ಪ್ರತಿ ತಿಂಗಳು ಊರಿನ ಸಭೆಗಳಿಗೆ ಹೋಗುವ ಪ್ರಾರ್ಥನಾ ಪತ್ರ ಬರೆಯುವವಳು ಅವಳೇ. ಇವತ್ತು ಕಳಿಸಿದರೆ ಭಾನುವಾರ ಆರಾಧನೆಯಲ್ಲಿ ಓದುತ್ತಾರೆ.

"ಓದ್ತೀನಿ, ಕೇಳಿ ರೀ. 'ನಮ್ಮ ತರಗತಿಗೆ ಬರುವ ತಾಯಿಯೊಬ್ಬರು ಮಗನನ್ನು ಕಳೆದುಕೊಂಡಿದ್ದಾರೆ. ಅಂಥ ಸಂಕಟದಲ್ಲೂ ಆಕೆ ಪಾಠಕ್ಕೆ ಬಂದಿದ್ದರು. ನಮ್ಮ ಯಜಮಾನರು ಆಕೆಯ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಂಡು...' ಇಲ್ಲಿ ಸಂತೈಸಿದರು ಅಂತ ಹಾಕಲಾ, ಪ್ರಾರ್ಥಿಸಿದರು ಅಂತ ಹಾಕಲಾ?"

"ಎರಡೂ ಬೇಡ."

"ಎರಡೂ ಬೇಡ ಅಂದ್ರೆ ವಾಕ್ಯ ಹೇಗೆ ಮುಗಿಸೋದು? ವಾಕ್ಯ ನಿಮ್ಮದಲ್ವಾ, ನೀವೇ ಹೇಳಿ."

ಹಿಂದೆಯೂ ಹೀಗೇ ಒಂದು ಪತ್ರ ಹೋಗಿತ್ತು. ಎಂಟು ತಿಂಗಳ ಹಿಂದೆ, ಎರಡು ತರಗತಿಗಳ ನಡುವೆ, ಮೆಟ್ಟಿಲ ಮೇಲಿದ್ದಾಗ ಅಕ್ಕನ ಫೋನು ಬಂತು. "ಅಮ್ಮ ಹೋಗ್ಬಿಟ್ಳು ಕಣೋ." ಮೇಷ್ಟ್ರು ಫೋನಿನಲ್ಲೇ ನಾಲ್ಕು ಮಾತು ಪ್ರಾರ್ಥನೆ ಮಾಡಿ, ಪರೀಕ್ಷೆಗಳಿವೆ, ಬಂದರೂ ಮಣ್ಣು ಮಾಡುವ ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ ಎಂದರು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಬರಬೇಡ ಬಿಡಪ್ಪ. ಮನೆಗೆ ಮಾರಿ, ಊರಿಗೆ ಉಪಕಾರಿ. ಊರಿಗೆಲ್ಲ ಮಾತು ಕಲಿಸು." ಆಮೇಲೆ ಅವರು ಮೆಟ್ಟಿಲು ಹತ್ತಿ ಹೋಗಿ ಪಾಠ ಮುಗಿಸಿದರು. ಸೀಮೆಸುಣ್ಣ ಮುರಿಯಲಿಲ್ಲ, ದನಿ ನಡುಗಲಿಲ್ಲ. ತಾಯಿಯ ಮರಣದ ಸುದ್ದಿ ಬಂದ ದಿನವೂ ಅವರು ಕರ್ತನ ಕೆಲಸ ನಿಲ್ಲಿಸಲಿಲ್ಲ ಎಂದು ಹೆಂಡತಿ ಪತ್ರದಲ್ಲಿ ಬರೆದಳು. ಸಭೆಯಲ್ಲಿ ಜನ ಸ್ತೋತ್ರ ಎಂದರಂತೆ, ಹಿರಿಯರೊಬ್ಬರು ನಿಮ್ಮ ವಿಶ್ವಾಸ ನಮಗೆ ಮಾದರಿ ಎಂದು ಸಂದೇಶ ಕಳಿಸಿದರು. ಅಕ್ಕ ಮಾತ್ರ ಅದನ್ನು ಓದುವಾಗ ಎದ್ದು ಹೊರಗೆ ಹೋಗಿದ್ದಳಂತೆ. ಅದು ವಿಶ್ವಾಸವಾಗಿದ್ದರೆ ಮೇಷ್ಟ್ರಿಗೆ ಇಷ್ಟು ನಾಚಿಕೆ ಇರುತ್ತಿರಲಿಲ್ಲ. ಅವತ್ತು ಅವರಿಗೆ ಏನೂ ಅನ್ನಿಸಿರಲಿಲ್ಲ, ಅಷ್ಟೇ. ಇವತ್ತು ಅನ್ನಿಸುತ್ತದೆ, ನಾಳೆ ಅನ್ನಿಸುತ್ತದೆ ಎಂದು ಕಾದರು. ಎಂಟು ತಿಂಗಳಾದರೂ ಅನ್ನಿಸಲಿಲ್ಲ.

ಹೆಂಡತಿ ಕೈ ಚಾಚಿ, ಮೇಜಿನ ಮೇಲೆ ಬಿದ್ದಿದ್ದ ಒಂದು ಇಯರ್‌ಫೋನನ್ನು ತನ್ನ ಕಿವಿಗೆ ಇಟ್ಟುಕೊಂಡು ಗುಂಡಿ ಒತ್ತಿದಳು. ಇನ್ನೊಂದು ಇನ್ನೂ ಮೇಷ್ಟ್ರ ಕಿವಿಯಲ್ಲೇ ಇತ್ತು. ವೈರು ಗಿಡ್ಡ, ಇಬ್ಬರ ತಲೆಯೂ ಹತ್ತಿರವಾಯಿತು. ಮದುವೆಯಾದ ಹೊಸದರಲ್ಲಿ ಹೀಗೆ ಕೂತು ಹಾಡು ಕೇಳಿದ್ದುಂಟು. ಪೂರ್ತಿ ಕೇಳಿ ಮುಗಿಯುವವರೆಗೂ, ಸರಿ ಮುಂದೆ ಎನ್ನುವವರೆಗೂ, ಅವಳು ಅಲುಗಲಿಲ್ಲ.

"ಫ್ಯಾನಿನ ಸದ್ದಿಲ್ಲ," ಎಂದಳು. "ನಾನು ಮೊನ್ನೆಯೇ ಕೇಳಿದೆ ರೀ. ಮಗ ಅನ್ನೋ ಪದ ನಂಗೂ ಗೊತ್ತು, ಸತ್ತ ಅನ್ನೋದೂ ಗೊತ್ತು."

"ಗೊತ್ತಿದ್ದೂ ಪರೀಕ್ಷೆಗೆ ಇಡ್ತೀನಿ ಅಂದ್ಯಲ್ಲ!"

"ಹಾಗಂದ್ರಾದ್ರೂ ನೀವು ಬಾಯಿ ಬಿಡ್ತೀರೇನೋ ಅಂತ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಾಗುವಷ್ಟು ತ್ರಾಣವೂ ಇದ್ದಂತಿರಲಿಲ್ಲ. "ನಾನೂ ಏನು ಕಡಿಮೆ? ಅತ್ತೆ ಹೋದಾಗ ಆ ಪತ್ರ ಬರೆದವಳು ನಾನೇ ಅಲ್ವಾ. ನೀವು ಅಳದೇ ಇದ್ದದ್ದು ನೋಡಿ ನಂಗೆ ಭಯ ಆಗಿತ್ತು. ಭಯ ಅಂತ ಬರೆಯೋಕಾಗತ್ತಾ? ವಿಶ್ವಾಸ ಅಂತ ಬರೆದೆ."

ಮೇಷ್ಟ್ರು ಚಹಾ ಕುಡಿದರು. ಬಿಸಿಯಾಗಿದೆಯೋ ತಣ್ಣಗಿದೆಯೋ ಗೊತ್ತಾಗಲಿಲ್ಲ. ಎದ್ದು ಅಂಗಿ ಬದಲಾಯಿಸಿಕೊಂಡು ಬಂದರು. "ಅಜ್ಜಿ ಮನೆಗೆ ಹೋಗಿ ಬರ್ತೀನಿ."

"ಹೋಗಿ. ಪತ್ರ ಹಾಗೇ ಇರಲಿ, ಬಂದ ಮೇಲೆ ನೋಡೋಣ." ಅವರು ಅಭ್ಯಾಸಬಲದಿಂದ ಹೆಗಲಿಗೇರಿಸಿದ ಚೀಲವನ್ನು ಅವಳು ಬಾಗಿಲಲ್ಲಿ ನಿಲ್ಲಿಸಿ ಇಳಿಸಿಕೊಂಡಳು. "ನೋಟ್‌ಬುಕ್ಕು ಇಲ್ಲೇ ಇರಲಿ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹೆಗಲಲ್ಲಿ ಚೀಲವಿಲ್ಲದೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡರು. ಅಜ್ಜಿಗೆ ಏನು ಹೇಳುವುದು? ಪೇಟೆ ಮಾತಿನಲ್ಲಿ ಬೇಡ, ಅವಳದೇ ಮಾತಿನಲ್ಲಿ ಹೇಳಬೇಕು. ನಾನು ತಪ್ಪು ಮಾಡಿದೆ, ಅವತ್ತು ನನಗೆ ಅರ್ಥವಾಗಲಿಲ್ಲ, ಕ್ಷಮಿಸು. ಮನಸ್ಸಿನಲ್ಲೇ ಜೋಡಿಸಿದರು. ಜೋಡಿಸಿ, ಸರಿಯಾಗಿದೆಯಾ ಎಂದು ಪರೀಕ್ಷಿಸಿದರು. ಪದ ಆಚೀಚೆ ಮಾಡಿ ಇನ್ನೂ ಚೆಂದ ಮಾಡಿದರು. ಇದನ್ನು ಮೂರು ಸಲ ಹೇಳಿಕೊಂಡು ಉರು ಹೊಡೆಯುತ್ತಿದ್ದೇನೆ ಎಂದು ಹೊಳೆದಾಗ ತಮ್ಮ ಮೇಲೆ ತಮಗೇ ಹೇಸಿಗೆಯಾಗಿ ಕಿಟಕಿಯಾಚೆ ನೋಡಿದರು. ಟಯರಿನ ಅಂಗಡಿ, ಬೀಗ ಹಾಕಿದ ಕ್ಲಿನಿಕ್ಕು, ಕೊಡೆ ರಿಪೇರಿಯವನು. ವಿದ್ಯಾರ್ಥಿಯಾಗಿದ್ದಾಗ ಮೊದಲು ಟೇಪು ಹಿಡಿದದ್ದು ಅಮ್ಮನ ಮುಂದೆ. ಒಲೆ, ನೀರು, ಹೊಸ್ತಿಲು, ಒಂದೊಂದೂ ಮೂರು ಸಲ ಹೇಳಬೇಕಮ್ಮ. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು. "ಒಂದು ಸಲ ಹೇಳಿದ್ರೆ ಕೇಳ್ಸಲ್ವೇನೋ ನಿಂಗೆ? ಇಷ್ಟು ಓದಿ ಕಿವುಡಾದ್ಯಾ?" ಆಮೇಲೆ ದೇಶ ಬಿಟ್ಟು ಬಂದ ಮೇಲೆ ಭಾನುವಾರದ ಫೋನಿನಲ್ಲಿ ಒಮ್ಮೆ ಕೇಳಿದ್ದಳು, ಆ ಜನರ ಮಾತೆಲ್ಲ ಬರೆದುಕೊಳ್ಳುತ್ತೀಯಲ್ಲ, ಅವರ ಜೊತೆ ಮಾತಾಡುತ್ತೀಯೇನೋ ಎಂದು. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಹೇಳಿ ನಕ್ಕಿದ್ದರು ಮೇಷ್ಟ್ರು. ಅಮ್ಮ ನಕ್ಕಿರಲಿಲ್ಲವೆಂದು ಈಗ ನೆನಪಾಯಿತು. ಕಂಡಕ್ಟರು ಕೂಗಿದಾಗ ಗಾಬರಿಯಿಂದ ಎದ್ದು, ಒಂದು ನಿಲ್ದಾಣ ಮುಂಚೆಯೇ ಇಳಿದುಬಿಟ್ಟರು.

ವೆಲ್ಡಿಂಗ್ ಅಂಗಡಿಯ ಮೇಲಿನ ಒಂದೇ ಕೋಣೆಯ ಮನೆ. ಮೆಟ್ಟಿಲ ಬಳಿ ನಲ್ಲಿಯಲ್ಲಿ ಪಾತ್ರೆ ತೊಳೆಯುತ್ತಿದ್ದ ಸೊಸೆ ಇವರನ್ನು ನೋಡಿ ಮೇಲಕ್ಕೆ ಕೈ ತೋರಿಸಿದಳು. ಅಜ್ಜಿ ಚಾಪೆಯ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದಳು. ಗಂಡಸಿನ ಅಂಗಿಗಳು; ಒಂದರ ಕಾಲರಿನಲ್ಲಿ ಸಿಮೆಂಟಿನ ಕಲೆ ಒಗೆದರೂ ಹೋಗದೆ ಉಳಿದಿತ್ತು. ಮೇಷ್ಟ್ರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತರು. ಕೂತುಕೋ ಎಂದು ಅಜ್ಜಿ ಅನ್ನಲಿಲ್ಲ. ನಿಂತೇ, ಶಾಲೆಯ ಮಕ್ಕಳು ಒಪ್ಪಿಸುವ ಹಾಗೆ, ಬಸ್ಸಿನಲ್ಲಿ ಕಟ್ಟಿದ ಮಾತುಗಳನ್ನು ಅವಳ ಮಾತಿನಲ್ಲೇ ಒಪ್ಪಿಸಿದರು. ಎಲ್ಲೂ ತಡವರಿಸಲಿಲ್ಲ. ಅದೇ ಅವಮಾನವಾಗಿತ್ತು.

"ಚೆನ್ನಾಗಿ ಮಾತಾಡ್ತೀಯ," ಎಂದಳು ಅಜ್ಜಿ. ಅವಳಿಗೆ ಮೇಷ್ಟ್ರೂ ಒಂದೇ, ವೆಲ್ಡಿಂಗಿನವನೂ ಒಂದೇ, ಎಲ್ಲರೂ ನೀನು. "ಆದ್ರೆ ಅರ್ಥ ಆಗಿಲ್ಲ ಅನ್ನಬೇಡ. ಆಗಿತ್ತು. ಗೆರೆ ಎಳೆದೆ, ಎರಡು ಗೆರೆ. ನಾನು ನೋಡಿದೆ."

ಮೇಷ್ಟ್ರು ಕೇಳಿದರು, "ಅಂಥ ದಿನ ಯಾಕೆ ಬಂದೆ ಅಜ್ಜಿ? ಬರದೇ ಇದ್ದಿದ್ರೆ ಯಾರೂ ಏನೂ ಅನ್ನುತ್ತಿರಲಿಲ್ಲ."

ಅಜ್ಜಿ ಅಂಗಿಯ ತೋಳನ್ನು ಮಡಿಸಿದಳು, ಸರಿಬರದೆ ಬಿಚ್ಚಿದಳು, ಮತ್ತೆ ಮಡಿಸಿದಳು. "ಇಲ್ಲಿ ಯಾರೂ ಹೇಳೋಕೆ ಬಿಡಲಿಲ್ಲ. ಬಾಯಿ ತೆಗೆದ್ರೆ, ಸುಮ್ನಿರು, ಸೊಸೆ ಬಸುರಿ, ಅಳಿಸಬೇಡ ಅಂತಾರೆ. ಪಕ್ಕದ ಮನೆಯವರು ಟೀವಿ ಜೋರು ಮಾಡ್ತಾರೆ. ಇಡೀ ಊರಲ್ಲಿ ನನ್ನ ಮಾತು ಕೇಳೋದಕ್ಕೇ ಜನ ಕೂತಿರೋದು ಅಲ್ಲೊಂದು ಕಡೆ. ಬಂದೆ. ಹೇಳಿದೆ. ನೀನು ಇನ್ನೊಂದು ಸಲ ಅಂದೆ." ಅವಳು ತಲೆಯೆತ್ತಿ ಅವರನ್ನು ನೋಡಿದಳು. "ನಂಗೆ ಹಗುರಾಯ್ತು. ಇವನಿಗೆ ಬೇಕಾಗಿದೆ, ಕೇಳ್ತಾನೆ ಅನ್ನಿಸ್ತು. ಮತ್ತೆ ಇನ್ನೊಂದು ಸಲ ಅಂದೆ. ಮೂರನೇ ಸಲ ನಾನು ಪೂರ್ತಿ ಹೇಳಿದೆ. ಆಮೇಲೆ ನೀನು ಕೋಳಿ ಸತ್ತಿತು ಅನ್ನು ಅಂದೆ."

ಕೆಳಗೆ ಅಂಗಡಿಯಲ್ಲಿ ಯಾರೋ ಕಬ್ಬಿಣ ಬಡಿಯುತ್ತಿದ್ದರು. ಮೇಷ್ಟ್ರಿಗೆ ಹೊರಟುಹೋಗಬೇಕೆನ್ನಿಸಿತು. ಬಾಗಿಲಲ್ಲಿ ತಮ್ಮ ಚಪ್ಪಲಿಗಳು ಆಗಲೇ ಹೊರಮುಖವಾಗಿ ನಿಂತಿದ್ದವು. ಹೋದರೆ ಅಜ್ಜಿ ತಡೆಯುವುದಿಲ್ಲ, ಮುಖ್ಯಸ್ಥರಿಗೆ ಮಾತಾಡಿಸಿ ಬಂದೆ ಎನ್ನಬಹುದು, ಪತ್ರದ ವಾಕ್ಯವೂ ಮುಗಿಯುತ್ತದೆ. ಆದರೆ ಇಲ್ಲಿಂದ ಹೀಗೆ ಹೋದರೆ ಇನ್ನು ಯಾರ ಮಾತನ್ನೂ ಕೇಳಿಸಿಕೊಳ್ಳುವ ಯೋಗ್ಯತೆ ತನಗೆ ಉಳಿಯುವುದಿಲ್ಲ ಎಂದು ಅವರಿಗೆ ಖಂಡಿತವಾಗಿ ಗೊತ್ತಿತ್ತು. ಅಲ್ಲೇ ನಿಂತರು.

"ನಿನ್ನ ತಾಯಿ ಇದ್ದಾಳಾ?" ಅಜ್ಜಿ ಕೇಳಿದಳು. ಎರಡು ವರ್ಷದಲ್ಲಿ ಪ್ರಶ್ನೆ ಕೇಳುವವರು ಯಾವಾಗಲೂ ಇವರಾಗಿದ್ದರು; ಅಜ್ಜಿ ಕೇಳಿದ್ದು ಇದೇ ಮೊದಲು.

"ಇಲ್ಲ."

"ಇಲ್ಲ ಅಂದ್ರೆ?"

"ಸತ್ತುಹೋದಳು," ಎಂದರು ಅವಳ ಮಾತಿನಲ್ಲಿ. ಸರಿಯಾಗಿಯೇ ಬಂತು.

ಅಜ್ಜಿ ಅಂಗಿಯನ್ನು ಕೆಳಗಿಟ್ಟು, ತೋರುಬೆರಳು ಎತ್ತಿದಳು. ಗೇಲಿ ಮಾಡುತ್ತಿದ್ದಾಳೆಂದು ಮೇಷ್ಟ್ರ ಮುಖ ಕಾವೇರಿತು. ಆದರೆ ಅಜ್ಜಿಯ ಮುಖದಲ್ಲಿ ಗೇಲಿಯಿರಲಿಲ್ಲ. ಅವಳು ಸುಮ್ಮನೆ ಕಾಯುತ್ತಿದ್ದಳು.

"ನನ್ನ ತಾಯಿ ಸತ್ತುಹೋದಳು." ಈ ಸಲ ದನಿ ಸ್ವಲ್ಪ ಗಟ್ಟಿಯಾಗಿತ್ತು, ತರಗತಿಯಲ್ಲಿ ಹೇಳುವ ಹಾಗೆ. ಅದು ಅಜ್ಜಿಗೋಸ್ಕರ ಹೇಳಿದ್ದು.

ಬೆರಳು ಕೆಳಗಿಳಿಯಲಿಲ್ಲ. ಕೆಳಗಿನ ಬಡಿತ ನಿಂತಿತ್ತು. ಮೇಷ್ಟ್ರು ಬಾಯಿ ತೆರೆದರು. ಕಲಿತ ಪದಗಳು ಒಂದೂ ಬರಲಿಲ್ಲ. ಮೆಟ್ಟಿಲು ಬಂತು, ಅಕ್ಕನ ಮೌನ ಬಂತು, ಬಾಯಿಗೆ ಸೆರಗಿಟ್ಟುಕೊಂಡು ನಗುವ ಅಮ್ಮ ಬಂದಳು. "ಅಮ್ಮ..." ಎಂದರು. "ಅಮ್ಮ ಹೋಗ್ಬಿಟ್ಳು." ಕನ್ನಡದಲ್ಲಿ. ಈ ದೇಶದಲ್ಲಿ ಹೆಂಡತಿಯನ್ನು ಬಿಟ್ಟರೆ ಯಾರಿಗೂ ತಿಳಿಯದ ಮಾತಿನಲ್ಲಿ. ಆಮೇಲೆ ಬಂದದ್ದು ಮಾತಾಗಿರಲಿಲ್ಲ. ಐವತ್ತನಾಲ್ಕು ವರ್ಷದ ಮನುಷ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡು ಮೂಗು ಬಾಯಿ ಸೋರಿಸಿಕೊಂಡು ಅತ್ತರು.

ಅಜ್ಜಿ ಚೆನ್ನಾಗಿದೆ ಎನ್ನಲಿಲ್ಲ. ಸರಿ, ಮುಂದೆ ಎನ್ನಲಿಲ್ಲ. ಬೆರಳು ಇಳಿಸಿ, ಮಗನ ಅಂಗಿಗಳನ್ನು ಒಂದು ಪಕ್ಕಕ್ಕೆ ಸರಿಸಿ, ಚಾಪೆಯ ಮೇಲೆ ಅವರಿಗೆ ಜಾಗ ಮಾಡಿಕೊಟ್ಟಳು.